ವಲ್ಲರಿ ಹಡಗಿನಿಂದ ಇಳಿದದ್ದು

ಎರಡನೇ ಉಬ್ಬರದ ಸೋಮವಾರ, ೨೨೧೪
ಕದ್ರಿ ಬಂದರು, ಮಂಗಳೂರು

ಯಾವುದೋ ವಾದ್ಯವೃಂದದಲ್ಲಿ ಕೊನೆಯ ವರ್ಷ ಬಾರಿಸುತ್ತಿರುವ ಮಗುವೇ,

ಈ ತಾರೀಕು ನೋಡಿ ನಿನಗೆ ನಗು ಬಂದೀತು. ನನ್ನ ಮಾತುಗಳೂ ವಿಚಿತ್ರವಾಗಿ ಕಾಣಬಹುದು, ಕ್ಷಮಿಸು. ಹಿಂದಂಚೆಯವರು, ಅಂದರೆ ಕಳೆದ ಕಾಲಕ್ಕೆ ಕಾಗದ ಒಯ್ಯುವವರು, ಮನೆಗೊಂದೇ ಪತ್ರ ತೆಗೆದುಕೊಳ್ಳುತ್ತಾರೆ. ಹಳೆಯ ಕಾಲದವರಿಗೆ ಇಂಗ್ಲಿಷಿನಲ್ಲಿ 'ಐ ಬೆಗ್ ಟು ಸ್ಟೇಟ್' ಎಂದು ಶುರು ಮಾಡಬೇಕೆಂದು ಕಾಲೇಜಿನಲ್ಲಿ ಕಲಿಸಿದ್ದರು. ಮುಂದಿನದು ಮರೆತುಹೋಗಿದೆ. ಕನ್ನಡದಲ್ಲೇ ಬರೆಯುತ್ತೇನೆ.

ನಮ್ಮಲ್ಲಿ ಈಗ ವಿಮಾನಗಳಿಲ್ಲ. ಸಮುದ್ರ ಕದ್ರಿ ಗುಡ್ಡದ ಬುಡಕ್ಕೆ ಬಂದು ನಿಂತಿದೆ. ನಿಮ್ಮ ಕಾಲದ ಪೇಟೆ ಹಂಪನಕಟ್ಟೆ ಮುಳುಗಿದೆ, ಅದಕ್ಕೆ ನೀರುಪೇಟೆ ಎನ್ನುತ್ತೇವೆ. ಇಳಿತದ ದಿನ ಜನ ದೋಣಿಯಲ್ಲಿ ಹೋಗಿ ಹಳೆಯ ತಾರಸಿಗಳಿಗೆ ಅಂಟಿದ ಚಿಪ್ಪುಮೀನು ಕಿತ್ತು ತರುತ್ತಾರೆ. ರುಚಿ ಪರವಾಗಿಲ್ಲ, ತೆಂಗಿನಕಾಯಿ ಜಾಸ್ತಿ ಬೇಕು. ಅದಿರಲಿ. ಊರಿನ ಯುವ ವಾದ್ಯವೃಂದ ಹಾಯಿಹಡಗಿನಲ್ಲಿ ಪರದೇಶ ಸುತ್ತಿ ಬರಲು ಹೆಚ್ಚುಕಡಿಮೆ ಒಂದು ವರ್ಷ ಬೇಕು. ಅಷ್ಟೂ ಕಾಲ ಮೌನಗಡುವು: ಮನೆಯ ಯಾವ ಸುದ್ದಿಯೂ ಮಕ್ಕಳಿಗೆ ಮುಟ್ಟಬಾರದು. ಮನಸ್ಸು ಕದಡಿದರೆ ಸ್ವರ ಕೆಡುತ್ತದೆ ಎಂದು ಹಿರಿಯರು ಮಾಡಿದ ನಿಯಮ.

ನನ್ನ ಮೊಮ್ಮಗಳು ವಲ್ಲರಿಯ ಭುಜಕ್ಕೆ ಪಿಟೀಲು ಇಟ್ಟವಳು ನನ್ನ ಹೆಂಡತಿ ಲೋಚನಾ. ಹಡಗು ಜಪಾನ್ ಮುಟ್ಟುವ ಮೊದಲೇ ಲೋಚನಾ ತೀರಿಕೊಂಡಳು. "ಅವಳಿಗೆ ಹೇಳ್ಲಿಕ್ಕೆ ಹೋಗ್ಬೇಡಿ ಮಾರಾಯ್ರೆ, ಬಾರಿಸ್ಲಿ ಪಾಪ" ಎಂದಿದ್ದಳು. ನಾನು ಹೇಳಲಿಲ್ಲ. ಅತ್ತದ್ದೂ ಇಲ್ಲ. ಅವಳ ಚಪ್ಪಲಿ ಬಾಗಿಲಲ್ಲೇ ಇದೆ, ದಾಟಿ ಓಡಾಡುತ್ತೇನೆ.

ಹಡಗು ಮರಳಿದ ದಿನ ಒಂದು ಪದ್ಧತಿಯುಂಟು. ಮಕ್ಕಳು ಹಡಗಿನ ಮೇಲಿಂದಲೇ ಕೊನೆಯ ಕಛೇರಿ ಕೊಡುತ್ತಾರೆ. ಓದು ಮುಗಿಸಿ ವೃಂದ ಬಿಡುವವರು ತಮ್ಮ ವಾದ್ಯವನ್ನು ಕುರ್ಚಿಯ ಮೇಲಿಟ್ಟು, ಅದನ್ನು ಮೊದಲು ಕೈಗೆ ಕೊಟ್ಟವರನ್ನು ಕೂಗಿ, ಇಳಿಯಲಾ ಎಂದು ಕೇಳಬೇಕು. ದಡದ ಗುಂಪಿನೊಳಗಿಂದ ಅವರು 'ಸಾಕು, ಬಾ' ಎಂದ ಮೇಲೆಯೇ ಇಳಿಯುವುದು. ಕೊಟ್ಟವರು ತೀರಿಕೊಂಡಿದ್ದರೆ ಮನೆಯ ಇನ್ನೊಬ್ಬರು ಉತ್ತರಿಸುತ್ತಾರೆ. ಮಕ್ಕಳಿಗೆ ಸುದ್ದಿ ತಿಳಿಯುವುದು ಹಾಗೆ.

ವಲ್ಲರಿ ಪಿಟೀಲನ್ನು ಕುರ್ಚಿಯ ಮೇಲಿಟ್ಟಳು. ಅದರ ತಲೆಯನ್ನು ಒಮ್ಮೆ ಸವರಿದಳು. "ಅಜ್ಜೀ, ಇಳೀಲಾ?" ಎಂದು ಕೂಗಿದಳು.

ನನಗೆ ಬಾಯಿ ತೆರೆಯಲಾಗಲಿಲ್ಲ. ದುಃಖದಿಂದಲ್ಲ. ಮರ ನಿಂತ ಹಾಗೆ ನಿಂತಿದ್ದೆ.

ತುತ್ತೂರಿಯ ಹುಡುಗನೊಬ್ಬ ನಗುತ್ತ, "ಎಂತ ವಲ್ಲರಿ, ನಿನ್ನ ಅಜ್ಜಿಗೆ ಕಿವಿ ಹೋಯ್ತಾ? ಇನ್ನೊಂದು ವರ್ಷ ಇಲ್ಲೇ ಕೂತ್ಕೋ!" ಎಂದ. ಎಲ್ಲರೂ ನಕ್ಕರು, ಅವಳೂ ನಕ್ಕಳು. ಮತ್ತೆ ಕೂಗಿದಳು, "ಅಜ್ಜೀ, ಸಾಕಲ್ವಾ? ಇಳೀಲಾ?"

"ಸಾಕು, ಬಾ ಮಗಾ" ಎಂದೆ.

ಗಂಡು ದನಿ. ನಗು ನಿಂತಿತು. ತುತ್ತೂರಿಯ ಹುಡುಗ ತಲೆ ತಗ್ಗಿಸಿದ. ವಲ್ಲರಿ ಕುರ್ಚಿಯ ಕಡೆ ತಿರುಗಿ ಪಿಟೀಲನ್ನು ಎತ್ತಿಕೊಳ್ಳಹೋದಳು. ವೃಂದದ ಮಾಸ್ತರು ಕೈ ಅಡ್ಡ ಹಿಡಿದರು. ಒಮ್ಮೆ ಇಟ್ಟದ್ದನ್ನು ಮತ್ತೆ ಮುಟ್ಟುವ ಹಾಗಿಲ್ಲ. ಅದು ಮುಂದಿನ ಮಗುವಿನದು. ಅವಳು ಬರಿಗೈಯಲ್ಲಿ ಹಲಗೆ ಇಳಿದು ಬಂದಳು.

"ಯಾವಾಗ ಅಜ್ಜ?"

"ನೀವು ಜಪಾನು ಮುಟ್ಟುವ ಮೊದಲು."

ಅವಳು ಹೇಳಿದಳು: "ಎಲ್ಲಾ ಊರಲ್ಲೂ ಅಜ್ಜಿಗೆ ಕೇಳ್ಲಿ ಅಂತ ಸ್ವಲ್ಪ ಜೋರೇ ಬಾರಿಸಿದ್ದೆ. ಮಾಸ್ತರು ಬೈದ್ರು. ಅಜ್ಜಿ ಹೋದ್ಳು ಅಂತ ಗೊತ್ತಿದ್ದು ಒಂದ್ಸಲನೂ ಬಾರಿಸ್ಲಿಲ್ಲ ಅಜ್ಜ. ಇನ್ನು ಎಂತದ್ರಲ್ಲಿ ಬಾರಿಸುದು?"

ಮನೆಗೆ ಬಂದೆವು. ಚಿಪ್ಪುಮೀನಿನ ಸಾರಿಗೆ ಉಪ್ಪು ಹೆಚ್ಚಾಗಿತ್ತು, ಇಬ್ಬರೂ ಉಂಡೆವು. ಮರುದಿನ ಹಿಂದಂಚೆಗೆ ನಮ್ಮ ಮನೆಯ ಒಂದೇ ಪತ್ರ ಯಾರಿಗೆ ಬರೆಯಲಿ ಎಂದು ಕೇಳಿದೆ. "ಇಂಥ ನಿಯಮ ಇನ್ನೂ ಆಗದವರಿಗೆ" ಎಂದಳು. ಆದ್ದರಿಂದ ನಿನಗೆ.

ಮಗುವೇ, ನಿಮ್ಮ ವೃಂದದ ಒಂದು ಸಭೆಯಲ್ಲಿ ಯಾರೋ ಒಬ್ಬರು, ಬಹಳ ಒಳ್ಳೆಯ ಮನಸ್ಸಿನವರೇ, ಪ್ರವಾಸದಲ್ಲಿ ಮಕ್ಕಳಿಗೆ ಮನೆಯ ಸುದ್ದಿ ಬೇಡ ಎನ್ನುತ್ತಾರೆ. ನೀನು ಒಪ್ಪಿ ಕೈ ಎತ್ತಬೇಡ. ಸುದ್ದಿ ಕೇಳಿದರೆ ಪಿಟೀಲಿನ ಕಮಾನು ನಡುಗುತ್ತದೆ, ಸ್ವರ ತಪ್ಪುತ್ತದೆ, ಪರವೂರಿನವರ ಮುಂದೆ ಮರ್ಯಾದೆ ಹೋಗುತ್ತದೆ ಎನ್ನುತ್ತಾರೆ. ಅದು ನಿಜವೇ.

ಸ್ವರ ತಪ್ಪಲಿ.

ಯಾದವ ಕೋಟ್ಯಾನ್