ಎದುರಿಗೆ ಕೂತವರ ಬಲಗಣ್ಣು

ಕನ್ನಡಕದ ಅಂಗಡಿಯ ಮೇಜಿನಿಂದ,
ಜನವರಿ ೧೭, ಬುಧವಾರ, ಬೆಳಿಗ್ಗೆ ಹತ್ತೂವರೆ

ಪ್ರೀತಿಯ ಮಾವಾ,

ನಮಸ್ಕಾರ. ಮೊದಲು ಆರೋಗ್ಯದ ಮಾತು. ಮೊಣಕಾಲು ನೋವು ಈ ಚಳಿಯಲ್ಲಿ ಹೇಗಿದೆ? ಬೆಳಿಗ್ಗೆ ಎದ್ದ ಕೂಡಲೇ ಬಿಸಿನೀರಿನ ಚೀಲ ಇಟ್ಟುಕೊಳ್ಳುತ್ತಿದ್ದೀರಾ, ಇಲ್ಲ ಅಲ್ಲಿಯೂ "ಆಮೇಲೆ, ಆಮೇಲೆ" ಎಂದು ಮುಂದೂಡುತ್ತಿದ್ದೀರಾ? ಫೋನ್ ಮಾಡಿದರೆ ನಾದಿನಿ "ಅಪ್ಪ ಆರಾಮಾಗಿದ್ದಾರೆ ಅತ್ತಿಗೆ" ಅನ್ನುತ್ತಾಳೆ, ಮರುಕ್ಷಣವೇ "ಊಟ ಮಾತ್ರ ಅಷ್ಟಕ್ಕಷ್ಟೇ, ಸುಮ್ನೆ ಕಿಟಕಿ ನೋಡ್ಕೊಂಡು ಕೂತಿರ್ತಾರೆ" ಅನ್ನುತ್ತಾಳೆ. ಇವೆರಡರಲ್ಲಿ ನಾನು ಯಾವುದನ್ನು ನಂಬಲಿ? ನಿಮ್ಮನ್ನು ಕರೆ ಎಂದರೆ ಪ್ರತಿ ಸಲವೂ ನೀವು ಸ್ನಾನಕ್ಕೆ ಹೋಗಿರುತ್ತೀರಿ. ಇಷ್ಟೊಂದು ಸ್ನಾನ ನೀವು ನಮ್ಮ ಮನೆಯಲ್ಲಿ ಯಾವತ್ತೂ ಮಾಡಿದವರಲ್ಲ. ನಿಮ್ಮ ಬೂದು ಬಣ್ಣದ ಮಫ್ಲರ್ ಇಲ್ಲೇ ಬಾಗಿಲ ಹಿಂದಿನ ಮೊಳೆಯಲ್ಲಿ ನೇತಾಡುತ್ತಿದೆ. ಮೂರು ಸಲ ಮಡಿಸಿ ಪಾರ್ಸೆಲ್ ಮಾಡಲು ಹೊರಟೆ, ಮೂರು ಸಲವೂ ವಾಪಸ್ಸು ಮೊಳೆಗೇ ಹಾಕಿದೆ. ಅದನ್ನು ಕಳಿಸಿಬಿಟ್ಟರೆ ನೀವು ಅಲ್ಲೇ ಉಳಿದುಬಿಡುತ್ತೀರಿ ಅನ್ನುವ ಭಯ ನನಗೆ. ಮಗಳ ಮನೆಯಲ್ಲಿ ಒಂದು ಮಫ್ಲರಿಗೆ ಗತಿಯಿಲ್ಲವೇ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ.

ಇದು ನಾಲ್ಕನೆಯ ಕಾಗದ. ಮೊದಲ ಮೂರನ್ನು ಹರಿದುಹಾಕಿದೆ. ಈ ತಿಂಗಳು ನನಗೆ ಒಂದು ಕಡೆ ಕೂರಲು ಆಗುತ್ತಿಲ್ಲ ಮಾವ. ಕೂತರೆ ಏಳಬೇಕು ಅನ್ನಿಸುತ್ತದೆ, ಎದ್ದರೆ ಏನು ಮಾಡಲು ಎದ್ದೆ ಎಂದು ಮರೆತುಹೋಗುತ್ತದೆ. ಗಾಜಿನ ಬೀರುವಿನಲ್ಲಿರುವ ಫ್ರೇಮುಗಳನ್ನೆಲ್ಲ ಎರಡು ಸಲ ಒರೆಸಿ ಜೋಡಿಸಿದೆ. ಅಕ್ಷರದ ಬೋರ್ಡು ಸೊಟ್ಟಗಿದೆ ಎಂದು ನೆಟ್ಟಗೆ ಮಾಡಿದೆ, ಆಮೇಲೆ ನೆಟ್ಟಗಿದ್ದದ್ದನ್ನು ನಾನೇ ಸೊಟ್ಟ ಮಾಡಿದ್ದೇನೆ ಎಂದು ಗೊತ್ತಾಯಿತು. ನಿಮ್ಮ ಮಗ ನೋಡಿ ನೋಡಿ ನಿನ್ನೆ "ಕಾಲಿಗೆ ಚಕ್ರ ಕಟ್ಕೊಂಡಿದ್ದೀಯೇನೇ?" ಎಂದು ಕೇಳಿದರು. ಅವರಿಗೇನು, ಡಿಪೋಗೆ ಹೋದರೆ ಬಸ್ಸುಗಳಿವೆ, ಬೈಯಲು ಎಂಜಿನ್‌ಗಳಿವೆ. ಈ ಚಳಿಗೆ ಬೆಳಿಗ್ಗೆ ಒಂದೂ ಸ್ಟಾರ್ಟ್ ಆಗುವುದಿಲ್ಲವಂತೆ. ಇಡೀ ಡಿಪೋದ ಮೆಕ್ಯಾನಿಕ್‌ಗಳೆಲ್ಲ ಸೇರಿ ಒಂದು ಬಸ್ಸನ್ನು ತಳ್ಳಿದರಂತೆ, ಅದು ಹೊರಟ ಮೇಲೆ ಡ್ರೈವರೇ ಹತ್ತಿಲ್ಲ ಎಂದು ಗೊತ್ತಾಯಿತಂತೆ. ಇದನ್ನು ಅವರು ಊಟಕ್ಕೆ ಕೂತು ಹೇಳುವಾಗ ಮಕ್ಕಳು ನಕ್ಕು ನಕ್ಕು ನೀರು ಚೆಲ್ಲಿಕೊಂಡರು. ನೀವಿದ್ದಿದ್ದರೆ "ಬ್ರೇಕ್ ಹಾಕಿದ್ದು ಯಾರು ಮತ್ತೆ?" ಎಂದು ಕೇಳಿ ಆ ಕಥೆಯ ಗಾಳಿಯನ್ನೆಲ್ಲ ತೆಗೆದುಬಿಡುತ್ತಿದ್ದಿರಿ. ಯಾರೂ ಕೇಳಲಿಲ್ಲ. ಹಾಗಾಗಿ ಬಸ್ಸು ಇನ್ನೂ ಓಡುತ್ತಲೇ ಇದೆ.

ಮಕ್ಕಳು ಚೆನ್ನಾಗಿದ್ದಾರೆ. ದೊಡ್ಡವಳಿಗೆ ಹೊಸ ಹುಚ್ಚು ಹಿಡಿದಿದೆ. ಹೊರಗಿನ ಚಳಿಯಿಂದ ಅಂಗಡಿಯೊಳಗೆ ಬಂದವರ ಕನ್ನಡಕವೆಲ್ಲ ಮಂಜಾಗಿ ಬೆಳ್ಳಗಾಗುತ್ತದಲ್ಲ, ಅವರನ್ನು ಬಾಗಿಲಲ್ಲೇ ತಡೆದು, ಬಟ್ಟೆ ಕೊಟ್ಟು, ಪುಸ್ತಕದಲ್ಲಿ ಒಂದು ಗೀಟು ಹಾಕುತ್ತಾಳೆ. ಭಾನುವಾರ ಒಂದೇ ದಿನ ಹದಿನೇಳು ಗೀಟು. ಚಿಕ್ಕವನು, ನಿಮ್ಮ ಇಲಿಮರಿ, ಅವಳ ಹಿಂದೆ ನಿಂತು "ಬಿಳಿ ಕಣ್ಣು ಬಂತು!" ಎಂದು ಕೂಗುತ್ತಾನೆ. ಅಂಚೆಯವರಂತೂ ಈಗ ಬೇಕೆಂದೇ ಒಳಗೆ ಬಂದು, ಏನೂ ಕಾಣದವರ ಹಾಗೆ ಕೈ ಮುಂದೆ ಚಾಚಿ ಇವನನ್ನು ಹುಡುಕುತ್ತಾರೆ. ಮತ್ತೆ ನಿಮ್ಮ ಮರಳಿನ ತಟ್ಟೆ. ಫ್ರೇಮು ಬಗ್ಗಿಸಲು ನೀವು ಬಿಸಿ ಮಾಡುತ್ತಿದ್ದ ಮರಳು ಈಗ ಮನೆಯವರೆಲ್ಲರ ಕೈ ಕಾಯಿಸುವ ಒಲೆಯಾಗಿದೆ. ಶಾಲೆಗೆ ಹೊರಡುವ ಮುಂಚೆ ಇಬ್ಬರೂ ತಮ್ಮ ಕೈಗವಸುಗಳನ್ನು ಅದರ ಪಕ್ಕ ಇಟ್ಟು ಬಿಸಿ ಮಾಡಿಕೊಳ್ಳುತ್ತಾರೆ. ಇಲಿಮರಿ ಒಂದು ಕಾಲುಚೀಲವನ್ನು ಪಕ್ಕ ಇಡುವ ಬದಲು ಒಳಗೇ ಹೂತಿಟ್ಟ. ನನಗೆ ಸುಟ್ಟ ವಾಸನೆ ಬಂದು ಓಡಿ ಬರುವ ಹೊತ್ತಿಗೆ ಹೆಬ್ಬೆರಳಿನ ಜಾಗದಲ್ಲಿ ಕಿಟಕಿ ಆಗಿತ್ತು. "ತಾತಂಗೆ ಹೇಳ್ಬೇಡ" ಅಂದ. ಹೇಳಿಬಿಟ್ಟೆ ನೋಡಿ.

ಹನ್ನೊಂದು ಗಂಟೆಗೆ ಕಿಟಕಿಯಿಂದ ಬಿಸಿಲು ಬೀಳುವ ಜಾಗದಲ್ಲಿ ನಿಮ್ಮ ಕುರ್ಚಿಯನ್ನು ಈಗಲೂ ಹಾಕುತ್ತೇನೆ. ಬಿಸಿಲು ಸರಿದ ಹಾಗೆ ಕುರ್ಚಿಯನ್ನೂ ಸರಿಸುತ್ತೇನೆ. ಅದರಲ್ಲಿ ಯಾರೂ ಕೂರುವುದಿಲ್ಲ. ಹೀಗೆ ಮಾಡುವುದನ್ನು ಪಕ್ಕದ ಅಂಗಡಿಯ ಟೈಲರ್ ನೋಡಿ ನನ್ನ ತಲೆ ಸರಿಯಿದೆಯೇ ಎಂದು ನಿಮ್ಮ ಮಗನ ಹತ್ತಿರ ವಿಚಾರಿಸಿದರಂತೆ.

ನೀವು ಹೋಗಿ ಇವತ್ತಿಗೆ ಇಪ್ಪತ್ತೆರಡು ದಿನ. "ಹವಾ ಬದಲಾವಣೆಗೆ ಮಗಳ ಮನೆಗೆ ಹೋಗಿ ಬರ್ತೀನಿ" ಎಂದು ಎಲ್ಲರಿಗೂ ಹೇಳಿ ಹೋದಿರಿ. ಎಲ್ಲರೂ ನಂಬಿದರು. ನಾನು ನಂಬಲು ಸಾಧ್ಯವೇ? ಹಿಂದಿನ ದಿನ ಲೈಬ್ರರಿಯಮ್ಮ ಹೊಸ ಕನ್ನಡಕ ಹಿಡಿದುಕೊಂಡು ಬಂದು, ಅದನ್ನು ಹಾಕಿಕೊಂಡು ಮೆಟ್ಟಿಲು ತಪ್ಪಿ ಬಿದ್ದೆ, ಮೂರು ದಿನದಿಂದ ತಲೆ ಸಿಡಿಯುತ್ತಿದೆ ಎಂದು ಕೂಗಾಡಿದ್ದು, ನಾನು ಪರೀಕ್ಷೆ ಮಾಡಿ ನೋಡಿದರೆ ಎಡಗಣ್ಣಿನ ಗಾಜು ಬಲಕ್ಕೆ, ಬಲದ್ದು ಎಡಕ್ಕೆ ಕೂತಿದ್ದದ್ದು, ಅಂಗಡಿ ತುಂಬ ಜನರಿದ್ದಾಗ ನಾನು ನಿಮ್ಮ ಕಡೆ ತಿರುಗಿ "ನಿಮಗೇ ಕಣ್ಣು ಕಾಣಲ್ಲ ಮಾವ, ಇನ್ನೊಬ್ಬರ ಕನ್ನಡಕ ಯಾಕೆ ಮುಟ್ತೀರಿ?" ಅಂದದ್ದು, ಎಲ್ಲ ನನಗೆ ನೆನಪಿದೆ. ನೀವು ಸ್ಕ್ರೂಡ್ರೈವರ್ ಕೆಳಗಿಟ್ಟಿರಿ. ಕೈ ಒರೆಸಿಕೊಂಡಿರಿ. "ಸರಿಯಮ್ಮ" ಅಂದಿರಿ. ಅಷ್ಟೇ. ತಿರುಗಿ ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಬಾಯಿಗೆ ಬಂದದ್ದನ್ನು ಆಡಿಬಿಡುವುದು ನನ್ನ ಹಳೆಯ ರೋಗ, ಅದು ನಿಮಗೂ ಗೊತ್ತು. ಆದರೆ ಈ ಸಲದ್ದು ಮಾತಲ್ಲ, ಹೊಡೆತ. ಆ ಸಂಜೆ ನೀವು ಊಟಕ್ಕೂ ಬಾರದೆ ಹೊಸ ಗಾಜು ಕೊರೆದು ಕೂಡಿಸಿ ಕನ್ನಡಕವನ್ನು ಮೇಜಿನ ಮೇಲಿಟ್ಟಿರಿ. ಬೆಳಿಗ್ಗೆ ಚೀಲ ಹಿಡಿದು ಹೊರಟಿರಿ.

ಆಮೇಲೆ ನಿಮ್ಮಿಂದ ಬಂದದ್ದು ಒಂದೇ ಕಾರ್ಡು. ಅದೂ ಮಕ್ಕಳ ಹೆಸರಿಗೆ. ನಾನು ಅದನ್ನು ನಾಲ್ಕು ಸಲ ಓದಿದೆ, ಎಲ್ಲಾದರೂ ನನ್ನ ವಿಷಯ ಇದೆಯೇನೋ ಎಂದು. ಚಳಿ ಹೇಗಿದೆ, ಚೆನ್ನಾಗಿ ಓದಿ, ಕೊನೆಗೆ ಒಂದು ಸಾಲು: ನನ್ನ ಹತಾರಗಳನ್ನು ಬಸ್ ನಿಲ್ದಾಣದ ಹತ್ತಿರದ ಕನ್ನಡಕ ರಿಪೇರಿಯವನಿಗೆ ಕೊಟ್ಟುಬಿಡಲು ಅಪ್ಪನಿಗೆ ಹೇಳಿ, ಇನ್ನು ನನಗೆ ಬೇಕಾಗುವುದಿಲ್ಲ. ದೊಡ್ಡವಳು ಗಟ್ಟಿಯಾಗಿ ಓದುತ್ತಾ ಬಂದವಳು ಆ ಸಾಲಿಗೆ ಬಂದಾಗ ನನ್ನ ಮುಖ ನೋಡಿದಳು. ನಲವತ್ತು ವರ್ಷ ಕೈಯಲ್ಲಿ ಹಿಡಿದ ಇಕ್ಕಳಗಳು, ಮಾವ. ನಿಮ್ಮ ಮಗ ನೀವು ಹೇಳಿದ್ದನ್ನು ಮೀರುವವರಲ್ಲ, ರಿಪೇರಿಯವನಿಗೆ ಹೇಳಿಯೂ ಬಂದರು. ಶನಿವಾರ ಬಂದು ತೆಗೆದುಕೊಂಡು ಹೋಗುತ್ತಾನಂತೆ. ಪೆಟ್ಟಿಗೆ ಕಟ್ಟುವ ಕೆಲಸ ನನ್ನ ತಲೆಗೆ ಬಂತು. ದಿನಾ ನಾಳೆ ಎಂದು ದೂಡಿ ದೂಡಿ, ಕೊನೆಗೆ ನಿನ್ನೆ ಮಧ್ಯಾಹ್ನ ನಿಮ್ಮ ಡ್ರಾಯರ್ ಎಳೆದೆ. ಸ್ಕ್ರೂಗಳೆಲ್ಲ ಗಾತ್ರದ ಪ್ರಕಾರ ಬೆಂಕಿಪೊಟ್ಟಣಗಳಲ್ಲಿ, ಕನ್ನಡಕ ಮೂಗಿನ ಮೇಲೆ ಕೂರುವ ಪುಟ್ಟ ಗುಂಡಿಗಳು ಮಾತ್ರೆ ಡಬ್ಬಿಯಲ್ಲಿ. ಅವುಗಳ ಅಡಿಯಲ್ಲಿ ಇನ್ನೊಂದು ವಸ್ತುವಿತ್ತು. ಅದರ ವಿಷಯ ಆಮೇಲೆ ಬರೆಯುತ್ತೇನೆ. ಡ್ರಾಯರ್ ಮುಚ್ಚಿಬಿಟ್ಟೆ. ಪೆಟ್ಟಿಗೆ ಕಟ್ಟಿಲ್ಲ.

ನಿನ್ನೆ ಸಂಜೆ ಮಕ್ಕಳು ಕಣ್ಣಿನ ಪರೀಕ್ಷೆಯ ಆಟ ಆಡುತ್ತಿದ್ದರು. ಇಲಿಮರಿ ಡಾಕ್ಟರು, ಅಕ್ಕ ಎದುರಿನ ಕುರ್ಚಿಯಲ್ಲಿ. "ಬಲಗಣ್ಣು ಮುಚ್ಚು" ಅಂದ. ಅವಳು ಮುಚ್ಚಿದಳು. "ಅದಲ್ಲ, ಇದು ಬಲ!" ಎಂದು ತನ್ನ ಬಲಗೈ ಎತ್ತಿ ತೋರಿಸಿ ಜಗಳಕ್ಕೆ ನಿಂತ. ನಾನು ನಗಲು ಹೊರಟೆ. ಅಷ್ಟರಲ್ಲಿ, ಮದುವೆಯಾಗಿ ಬಂದ ಮೊದಲ ವರ್ಷ ನೀವು ನನ್ನನ್ನು ಅದೇ ಕುರ್ಚಿಯಲ್ಲಿ ಕೂರಿಸಿ ಹೇಳಿಕೊಟ್ಟದ್ದು ಜ್ಞಾಪಕ ಬಂತು: "ಎದುರಿಗೆ ಕೂತವರ ಬಲಗಣ್ಣು ನಿನ್ನ ಎಡಗೈ ಕಡೆಗಿರುತ್ತೆ ಕಣಮ್ಮ. ನಂಬರ್ ಬರೆಯೋ ಮುಂಚೆ ಒಂದ್ಸಲ ಮನಸ್ಸಲ್ಲೇ ಅವರ ಕುರ್ಚಿಗೆ ಹೋಗಿ ಕೂತ್ಕೊ."

ಬಾಗಿಲು ಸದ್ದಾಯಿತು, ಯಾರೋ ಬಂದರು. ಅಯ್ಯೋ, ಲೈಬ್ರರಿಯಮ್ಮ. ಇಲ್ಲಿಗೆ ನಿಲ್ಲಿಸುತ್ತೇನೆ. ನಾದಿನಿಗೆ, ಅವಳ ಯಜಮಾನರಿಗೆ ನನ್ನ ನೆನಪುಗಳನ್ನು ತಿಳಿಸಿ. ಅವಳ ಮಗುವಿಗೆ ಮುತ್ತು. ನಿಮ್ಮ ಮಗ, ಮಕ್ಕಳು ನಿಮ್ಮ ಕಾಲಿಗೆ ನಮಸ್ಕಾರ ಹೇಳಿದ್ದಾರೆ. ಬಿಸಿನೀರಿನ ಚೀಲ ಮರೆಯಬೇಡಿ, ಚಳಿಯಲ್ಲಿ ಬರಿಗಾಲಲ್ಲಿ ಓಡಾಡಬೇಡಿ.

ಇತಿ ನಿಮ್ಮ ಆಶೀರ್ವಾದ ಬೇಡುವ,
ಬಾಯಿಬಡುಕಿ ಸೊಸೆ

ತಾ.ಕ.: ಮಧ್ಯಾಹ್ನ ಎರಡು ಗಂಟೆ. ಅಂಚೆ ತೆಗೆಯಲು ಅರ್ಧ ಗಂಟೆಯಿದೆ, ಬೇಗ ಬೇಗ ಬರೆಯುತ್ತೇನೆ. ಡ್ರಾಯರಿನಲ್ಲಿ ಸಿಕ್ಕಿದ್ದು ಲೈಬ್ರರಿಯಮ್ಮನ ನಂಬರ್ ಚೀಟಿ. ಅಕ್ಷರ ನನ್ನದು. ಬಲಗಣ್ಣಿನ ನಂಬರನ್ನು ಎಡದ ಮನೆಯಲ್ಲಿ, ಎಡದ್ದನ್ನು ಬಲದ ಮನೆಯಲ್ಲಿ ಬರೆದಿದ್ದೇನೆ. ನೀವು ಚೀಟಿಯಲ್ಲಿದ್ದ ಹಾಗೆಯೇ ಗಾಜು ಕೂಡಿಸಿದ್ದೀರಿ. ಆ ಸಂಜೆ ನಿಮ್ಮ ಕೆಂಪು ಪೆನ್ಸಿಲಿನಲ್ಲಿ ಎರಡು ಬಾಣ ಹಾಕಿ ಅದಲು ಬದಲು ಮಾಡಿಕೊಂಡಿದ್ದೀರಿ, ಹೊಸ ಗಾಜು ಕೊರೆದಿದ್ದೀರಿ. ಆಮೇಲೆ ಚೀಟಿಯನ್ನು ಎಲ್ಲ ಚೀಟಿಗಳಿರುವ ಡಬ್ಬಕ್ಕೆ ಹಾಕದೆ, ಯಾರೂ ನೋಡಬಾರದೆಂದು ನಿಮ್ಮ ಡ್ರಾಯರಿನ ತಳದಲ್ಲಿ ಇಟ್ಟಿದ್ದೀರಿ. ನಿಮಗೆ ಗೊತ್ತಿತ್ತು. ಗೊತ್ತಿದ್ದೂ ಚೀಲ ಹಿಡಿದು ಹೊರಟಿರಿ. ಚೀಟಿ ತೋರಿಸಿ ಎಂದು ನಾನು ಆವತ್ತು ಕೇಳಲೇ ಇಲ್ಲ, ನನ್ನ ಕೈ ತಪ್ಪಿರಬಹುದು ಅನ್ನುವುದು ನನಗೆ ಹೊಳೆಯಲೇ ಇಲ್ಲ. ತಪ್ಪು ನನ್ನದು ಮಾವ. ಕ್ಷಮಿಸಿ. ಈ ಒಂದು ಸಾಲು ಬರೆಯಲಾಗದೆ ಮೂರು ಕಾಗದ ಹರಿದೆ.

ಲೈಬ್ರರಿಯಮ್ಮನಿಗೆ ಬೆಳಿಗ್ಗೆ ಬಂದಾಗಲೇ ಹೇಳಿದೆ, ಅಂಗಡಿಯಲ್ಲಿ ಐದು ಜನರಿದ್ದರು, ಅವರ ಮುಂದೆಯೇ. ಲೈಬ್ರರಿಯಮ್ಮ ನನ್ನನ್ನು ಬೈಯಲಿಲ್ಲ, ಆದರೆ ಮೂಗಿನ ಮೇಲೆ ಒತ್ತುತ್ತಿರುವ ಕನ್ನಡಕವನ್ನು ನನ್ನ ಕೈಗೆ ಕೊಡಲೂ ಇಲ್ಲ. "ಅವ್ರೇ ಬರ್ಲಿ ಬಿಡಮ್ಮ, ಅಲ್ಲಿವರೆಗೂ ತಡ್ಕೋತೀನಿ" ಎಂದು ಹೋದರು. ಊಟಕ್ಕೆ ಬಂದ ನಿಮ್ಮ ಮಗನಿಗೂ ಚೀಟಿ ತೋರಿಸಿದೆ. ಅವರು ಎದ್ದು ಹೋಗಿ ನಿಮ್ಮ ಮಫ್ಲರ್ ಕೊಡವಿ ಮತ್ತೆ ಮೊಳೆಗೆ ಹಾಕಿದರು. ಚೀಟಿಯನ್ನು ಇದರೊಳಗೆ ಇಟ್ಟಿದ್ದೇನೆ, ನಾದಿನಿಗೆ ಓದಲು ಕೊಡಿ, ಮುಚ್ಚಿಡಬೇಡಿ. ರಿಪೇರಿಯವನಿಗೆ ಶನಿವಾರ ಬರುವುದು ಬೇಡ ಎಂದು ಹೇಳಿ ಕಳಿಸಿದ್ದೇನೆ. ಹತಾರ ಯಾರಿಗೂ ಕೊಡುವುದಿಲ್ಲ. ಕೊಡಲೇಬೇಕು ಎಂದಿದ್ದರೆ ನೀವೇ ಬಂದು, ನನ್ನ ಎದುರಿಗೆ ಕೂತು, ನಿಮ್ಮ ಕೈಯಾರೆ ಪೆಟ್ಟಿಗೆ ಕಟ್ಟಿ.