ಕಿತ್ತಳೆ ಸಿಪ್ಪೆಯ ಸೀಸೆಗೆ ನೀವು ಒತ್ತಿದ ಮೊಹರು

ಲೇಬಲ್‌ಗಳಿಗೆ ಅನುಮತಿ ಕೊಡುವ ಮಾನ್ಯ ಅಧಿಕಾರಿಗಳೇ,

ಕಿತ್ತಳೆ ಸಿಪ್ಪೆಯ ಸಾರದ ಸೀಸೆಯ ಮೇಲೆ ‘ರೋಗಾಣುಗಳನ್ನು ಕೊಲ್ಲುತ್ತದೆ, ರೋಗನಿರೋಧಕ ಶಕ್ತಿ ಹೆಚ್ಚಿಸುತ್ತದೆ’ ಎಂದು ಅಚ್ಚು ಹಾಕಲು ನೀವು ಒಪ್ಪಿಗೆ ಕೊಟ್ಟಿದ್ದೀರಿ. ಅದಕ್ಕೆ ಆಧಾರವಾದ ಪರೀಕ್ಷೆಯನ್ನು ಪ್ರಯೋಗಾಲಯದಲ್ಲಿ ಮಾಡಿದವನು ನಾನು. ಆ ಪರೀಕ್ಷೆ ತಪ್ಪು. ಹೀಗೆಂದು ನಿಮ್ಮ ಕಚೇರಿಗೆ ಮೂರು ಸಲ ಬರೆದೆ. ಮೂರು ಸಲವೂ ‘ಪತ್ರ ತಲುಪಿದೆ’ ಎಂಬ ಉತ್ತರ ಬಂತು. ತಲುಪಿದ್ದು ಸಂತೋಷ. ಅದನ್ನು ಓದುವ ಯೋಗ ಯಾವಾಗ ಕೂಡಿಬರುತ್ತದೆ?

ಸಿಪ್ಪೆಯನ್ನು ಒಣಗಿಸಿ, ಪುಡಿಮಾಡಿ, ಆಲ್ಕೋಹಾಲ್‌ನಲ್ಲಿ ನೆನೆಸಿ ಸಾರ ತೆಗೆಯುತ್ತೇವೆ. ಕಾಗದದ ಪುಟ್ಟ ಬಿಲ್ಲೆಯನ್ನು ಅದರಲ್ಲಿ ಅದ್ದಿ, ಪೂರ್ತಿ ಒಣಗಿಸಿ, ಬ್ಯಾಕ್ಟೀರಿಯಾ ಬೆಳೆಸುವ ತಟ್ಟೆಯ ಮೇಲಿಡಬೇಕು. ಸುತ್ತ ಏನೂ ಬೆಳೆಯದೆ ಖಾಲಿ ಉಂಗುರ ಮೂಡಿದರೆ ಸಾರಕ್ಕೆ ಕಸುವಿದೆ ಎಂದರ್ಥ. ಹೋಲಿಸಿ ನೋಡಲು ಬರೀ ಆಲ್ಕೋಹಾಲ್‌ನಲ್ಲಿ ಅದ್ದಿದ ಬಿಲ್ಲೆಯನ್ನೂ ಪಕ್ಕದಲ್ಲಿಡಬೇಕು. ಅವತ್ತು ಮೇಲಿನವರಿಗೆ ಅವಸರ, ನನಗೆ ಮೇಲಿನವರ ಭಯ. ಒದ್ದೆ ಬಿಲ್ಲೆಯನ್ನೇ ಇಟ್ಟೆ, ಹೋಲಿಕೆಯದನ್ನು ಬಿಟ್ಟೆ. ಆಲ್ಕೋಹಾಲ್ ತನ್ನ ಕೆಲಸ ಮಾಡಿತು, ಹೆಸರು ಸಿಪ್ಪೆಗೆ ಬಂತು. ಎಲ್ಲರೂ ಬೆನ್ನು ತಟ್ಟಿದರು. ವಾರದ ಬಳಿಕ ಮನಸ್ಸು ಕೊರೆಯತೊಡಗಿ ಸರಿಯಾಗಿ ಮಾಡಿ ನೋಡಿದರೆ ಉಂಗುರ ಕೂದಲೆಳೆಯಷ್ಟು. ಸಿಪ್ಪೆಗೆ ಗುಣವೇ ಇಲ್ಲ ಎನ್ನುತ್ತಿಲ್ಲ. ಆದರೆ ಗಾಜಿನ ತಟ್ಟೆಯಲ್ಲಿ ನಾಲ್ಕು ಬ್ಯಾಕ್ಟೀರಿಯಾ ಸತ್ತರೆ ಮನುಷ್ಯನ ರೋಗನಿರೋಧಕ ಶಕ್ತಿ ಹೆಚ್ಚಿತೆಂದು ಹೇಗೆ ಒಪ್ಪಿದಿರಿ? ತಟ್ಟೆಗೆ ರಕ್ತವಿದೆಯೇ, ಜ್ವರ ಬರುತ್ತದೆಯೇ? ಆ ಮಾತು ನನ್ನ ವರದಿಯಲ್ಲಿ ಇರಲೇ ಇಲ್ಲ.

ನನ್ನ ಅಕ್ಕ ಬಟ್ಟೆ ಹೊಲಿಯುತ್ತಾಳೆ, ಸಕ್ಕರೆ ಕಾಯಿಲೆಯವಳು. ಯಂತ್ರ ತುಳಿಯುವ ಬಲಗಾಲಿನ ಹೆಬ್ಬೆರಳಿಗೆ ಹುಣ್ಣಾಗಿದೆ. ವೈದ್ಯೆ ಕೊಟ್ಟ ಗುಳಿಗೆಗಳನ್ನು ಮೂರನೇ ದಿನಕ್ಕೇ ದಾರದುಂಡೆಗಳ ಡಬ್ಬಿಗೆ ಹಾಕಿ, ನಿಮ್ಮ ಮೊಹರಿನ ಸೀಸೆಯಿಂದ ಹನಿ ಕುಡಿಯುತ್ತಿದ್ದಾಳೆ.

“ಅಕ್ಕ, ಇದರ ಪರೀಕ್ಷೆ ಮಾಡಿದ್ದೇ ನಾನು. ತಪ್ಪು ಮಾಡಿದ್ದೀನಿ,” ಎಂದೆ.

“ನೀನು ಚಿಕ್ಕಂದಿನಿಂದ್ಲೂ ಹಾಗೇ. ಬೀಗ ಹಾಕಿದ್ಮೇಲೂ ನಾಲ್ಕು ಸಲ ಎಳೆದು ನೋಡೋನು,” ಎಂದಳು, ಬಟ್ಟೆಯಿಂದ ಕಣ್ಣೆತ್ತದೆ. “ಮೊಹರು ನೋಡು. ಅಷ್ಟು ದೊಡ್ಡೋರು ಸುಮ್ಸುಮ್ನೆ ಒತ್ತುತಾರಾ?”

ಒತ್ತುತ್ತಾರೆ ಎನ್ನಲೇ? ಎಂದೆ ಕೂಡ. ನಕ್ಕಳು. ಬೆರಳು ಕಪ್ಪಾಗುತ್ತಿದೆ. ಇನ್ನೊಂದು ವಾರ ಗುಳಿಗೆ ತಪ್ಪಿದರೆ ಬೆರಳು ಉಳಿಯುವುದಿಲ್ಲ, ಆಮೇಲೆ ಪಾದ ಉಳಿಯುತ್ತದೆಂದೂ ಹೇಳಲಾಗದು ಎಂದಿದ್ದಾರೆ ವೈದ್ಯೆ. ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ, ಊಟ ಸೇರುತ್ತಿಲ್ಲ. ದಿನಕ್ಕೆರಡು ಸಲ ಅವಳ ಮನೆ ಮೆಟ್ಟಿಲು ಹತ್ತಿ ಜಗಳವಾಡಿ ಇಳಿಯುತ್ತೇನೆ. ನನಗೆ ಭಯವಾಗಿದೆ, ಮಾನ್ಯರೇ.

ಆ ಸೀಸೆಗಳನ್ನು ಅಂಗಡಿಗಳಿಂದ ಹಿಂದಕ್ಕೆ ತರಿಸಿ. ನನ್ನನ್ನು ಕೆಲಸದಿಂದ ತೆಗೆಯುವುದಿದ್ದರೆ ತೆಗೆಯಿರಿ, ತಕರಾರಿಲ್ಲ. ಇದಕ್ಕೆಲ್ಲ ಸಮಿತಿ, ಸಭೆ, ಉಪಸಮಿತಿ ಆಗಬೇಕೆಂದು ಗೊತ್ತು. ಅಷ್ಟು ದಿನ ಬೆರಳು ಕಾಯುವುದಿಲ್ಲ. ಆದ್ದರಿಂದ ಇವತ್ತೇ ನಿಮ್ಮ ಕಚೇರಿಯ ಕಾಗದದ ಮೇಲೆ ‘ಗುಳಿಗೆ ನುಂಗಮ್ಮ’ ಎಂದು ಎರಡೇ ಪದ ಬರೆದು, ಕೆಳಗೆ ಮೊಹರು ಒತ್ತಿ ಕೊಡಿ. ನಿಮ್ಮ ಬಾಗಿಲ ಹೊರಗಿನ ಬೆಂಚಿನ ಮೇಲೆ ಕೂತಿದ್ದೇನೆ. ನಿಮ್ಮ ಮಾತನ್ನಾದರೆ ಅವಳು ಕೇಳುತ್ತಾಳೆ.

ಇಂತಿ,
ಒಡಹುಟ್ಟಿದರೂ ಮೊಹರಿಲ್ಲದ ತಮ್ಮ