ಗೂಗಿಯ ಕಣ್ಣು, ನೀ ಹೇಳದ ಹೆಸರು

ಮುಧೋಳ
ಬುಧವಾರ, ೧೨ ಡಿಸೆಂಬರ್ ೧೯೭೩

ಚಿ. ಸೌ. ಶಾಂತಾಳಿಗೆ, ಅಂದರೆ ಹೆಸರಿನಲ್ಲಷ್ಟೇ ಶಾಂತಳಾದವಳಿಗೆ,

ಆದಪ್ಪನ ಆಶೀರ್ವಾದಗಳು. ನಿನಗೆ ಬೇಡವಾಗಿದ್ದರೆ ಮಗಳು ಪದ್ಮಾಗೆ ಕೊಟ್ಟುಬಿಡು, ಹಾಳಾಗುವುದು ಬೇಡ.

ಮೊದಲು ತಪ್ಪೊಪ್ಪಿಗೆ. ಮುಧೋಳದ ಕಾಲೇಜಿನಲ್ಲಿ ತರ್ಕಶಾಸ್ತ್ರ ಕಲಿಸುವ, ನಿನ್ನ ಕೊರಳಿಗೆ ತಾಳಿ ಕಟ್ಟಿದ, ಈವರೆಗೆ ಪರರ ಒಂದು ಗುಂಡುಸೂಜಿಯನ್ನೂ ಮುಟ್ಟದ ನಾನು, ಕಳೆದ ರವಿವಾರ ಜಮಖಂಡಿ ಕಾಲೇಜಿನ ಪ್ರಾಣಿ ಸಂಗ್ರಹಾಲಯದಲ್ಲಿ, ತುಂಬಿದ ಸಭೆಯ ನಡುವೆ (ಸಭಿಕರಲ್ಲಿ ಬಹುತೇಕರು ಸತ್ತವರು), ಒಂದು ಗೂಬೆಯ, ಅಂದರೆ ನಮ್ಮ ಮಾತಿನ ಗೂಗಿಯ, ಎಡಗಣ್ಣನ್ನು ಕಿತ್ತು ಕಿಸೆಗೆ ಹಾಕಿಕೊಂಡೆನೆಂದು ಯಾರ ಒತ್ತಾಯವೂ ಇಲ್ಲದೆ ಒಪ್ಪಿಕೊಳ್ಳುತ್ತೇನೆ. ಕಣ್ಣು ಗಾಜಿನದು, ನಿಜ. ಗೂಗಿಗೆ ಅದರಿಂದ ಏನೂ ಕಾಣುತ್ತಿರಲಿಲ್ಲ, ಅದೂ ನಿಜ. ಆದರೂ ಕಳವು ಕಳವೇ. ಜೈನರ ಹೊಟ್ಟೆಯಲ್ಲಿ ಹುಟ್ಟಿ ಅಚೌರ್ಯ ವ್ರತವನ್ನು ಒಂದು ಗೂಗಿಯ ಮುಂದೆ ಮುರಿದುಕೊಂಡೆ.

ಯಾಕೆ ಮುರಿದುಕೊಂಡೆ ಎಂಬುದನ್ನು ನೀನು ಕೇಳಿಕೊಳ್ಳದೇ ಬಸ್ಸು ಹತ್ತಿದೆ. ಈಗ ಕೂತು ಓದು.

ನಿನ್ನ ಮೇಲೆ ಮೊದಲ ಹಕ್ಕು ಪಾರಿಸಪ್ಪನದು. ನಿನ್ನ ಸೋದರತ್ತೆಯ ಮಗ. ನಮ್ಮ ಕಡೆ ಸೋದರತ್ತೆಯ ಮಗನಿರುವಾಗ ಹೊರಗಿನ ವರನನ್ನು ಯಾರು ಹುಡುಕುತ್ತಾರೆ? ನಿಮ್ಮಿಬ್ಬರ ಲಗ್ನ ನೀವು ತೊಟ್ಟಿಲಲ್ಲಿದ್ದಾಗಲೇ ಮಾತಾಗಿತ್ತಂತೆ. ಆದರೆ ಆ ಪುಣ್ಯಾತ್ಮ ಧಾರವಾಡಕ್ಕೆ ಹೋಗಿ ಪ್ರಾಣಿಶಾಸ್ತ್ರ ಹಿಡಿದ, ಪರೀಕ್ಷೆಗೆಂದು ಕಪ್ಪೆ ಕೊಯ್ದ. ಸುದ್ದಿ ಬನಹಟ್ಟಿಯ ನಿಮ್ಮ ಮನೆಗೆ ಮುಟ್ಟಿತು. ಕಪ್ಪಿ ಕೊಯ್ದ ಕೈಯಾಗ ನನ್ನ ಮಗಳ ಕೈ ಇಡಾಂಗಿಲ್ಲ ಅಂತ ಮಾವನವರು ಕಡ್ಡಿ ಮುರಿದಂತೆ ಅಂದರು. ತರ್ಕಶಾಸ್ತ್ರದಲ್ಲಿ ಕೊಯ್ಯುವಂಥದ್ದು ಏನೂ ಇಲ್ಲವಲ್ಲ, ಹಾಗಾಗಿ ನೀನು ನನಗೆ ಸಿಕ್ಕೆ. ಎಲ್ಲ ಕಪ್ಪೆಯ ಕೃಪೆ. ಇವತ್ತಿಗೂ ಮಳೆಗಾಲದಲ್ಲಿ ಕಪ್ಪೆ ಒದರಿದರೆ ನಾನು ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ.

ಆತ ಧಾರವಾಡದಲ್ಲೇ ಇರುವತನಕ ನಾನು ಆರಾಮಿದ್ದೆ. ಈ ವರ್ಷ ಜಮಖಂಡಿ ಕಾಲೇಜಿಗೆ ಮಾಸ್ತರನಾಗಿ ಬಂದ, ಸಂಗ್ರಹಾಲಯ ಅವನ ಕೈಗೆ ಬಂತು. ಊರ ಮಂದಿಗೆಲ್ಲಾ ತೋರಸೂ ದಿವಸ ಇಟ್ಟೀವಿ, ಶಾಂತಾನ್ನ, ಪದ್ಮಾನ್ನ ಕರಕೊಂಡ ಬರ್ರಿ ಅಂತ ಕಾರ್ಡು ಬರೆದ. ಕಾರ್ಡು ನನ್ನ ಹೆಸರಿಗೆ, ಕರೆ ನಿಮಗೆ. ನಾನು ಬಂಡಿ ಎಳೆಯುವ ಎತ್ತು.

ರವಿವಾರ ಮುಂಜಾನೆ ನಿನ್ನ ಇಳಕಲ್ ಸೀರೆ ಟ್ರಂಕಿನಿಂದ ಹೊರಬಂತು. ನನ್ನ ಕಾಲೇಜಿನ ಸಮಾರಂಭಕ್ಕೆ ಹೊರಬರದ ಸೀರೆ, ಸತ್ತ ತೋಳ ನೋಡಲು ಬಂತು. ಬುತ್ತಿಯಲ್ಲಿ ಸಜ್ಜೆ ರೊಟ್ಟಿ, ಹೆಸರುಕಾಳು ಪಲ್ಯ, ಮೇಲಿನ ಡಬ್ಬಿಯಲ್ಲಿ ಶೇಂಗಾ ಹೋಳಿಗೆ. ಆ ಹೋಳಿಗೆಯನ್ನು ನಾನು ದೀಪಾವಳಿಯಿಂದ ಕೇಳುತ್ತಿದ್ದೆ. ಶೇಂಗಾ ತುಟ್ಟಿ ಆಗೇತ್ರಿ ಅನ್ನುತ್ತಿದ್ದೆ ನೀನು. ಜಮಖಂಡಿಗೆ ಹೋಗುವ ದಿನ ಶೇಂಗಾ ಒಮ್ಮೆಲೇ ಸೋವಿಯಾಯಿತು!

ಬಾಗಿಲಲ್ಲೇ ಕೃಷ್ಣಾ ಹೊಳೆಯ ಮೊಸಳೆ, ಅದರಾಚೆ ಸಂಸ್ಥಾನದ ಕಾಲದ ಚಿರತೆ, ತೋಳ, ಚಿಗರಿ, ಬಾಟಲಿಗಳೊಳಗೆ ಸುರುಳಿ ಸುತ್ತಿ ಮಲಗಿದ ಹಾವುಗಳು. ನೀನು ಒಂದೊಂದರ ಮುಂದೂ ನಿಂತು ಣಮೋಕಾರ ಮಂತ್ರ ಹೇಳಿಯೇ ಮುಂದಕ್ಕೆ ಹೆಜ್ಜೆ ಇಟ್ಟೆ. ಹಾವಿನ ಸಾಲಿಗೆ ಬರುವಷ್ಟರಲ್ಲಿ ಹಿಂದೆ ನಿಂತ ಮಂದಿಯ ಪಾಳಿ ಅಂಗಳ ಮುಟ್ಟಿತ್ತು. ಲೋಕಾಪುರದ ಕಡೆಯ ಮುದುಕಿಯೊಬ್ಬಳು, ಲಗೂ ನಡೀಬೇ ಯವ್ವಾ, ಅವು ಸತ್ತು ಭಾಳ ದಿನಾ ಆತು, ಇಷ್ಟೊತ್ತಿಗೆ ಮತ್ತೊಮ್ಮೆ ಹುಟ್ಟಿ ಬಂದಿರತಾವು ಅಂದಳು. ನಾನು ನಕ್ಕೆ. ಪಾರಿಸಪ್ಪ ನಗಲಿಲ್ಲ. ನಿನ್ನ ಪಕ್ಕದಲ್ಲಿ ನಿಂತು ತಾನೂ ಕಣ್ಣು ಮುಚ್ಚಿದ. ಆಮೇಲೆ, ಈಗ ನಾ ಯಾವ ಜೀವಾನೂ ಕೊಲ್ಲಾಂಗಿಲ್ಲ ಶಾಂತಾ, ತಂತಿ ಬಡದ ಬಿದ್ದದ್ದು, ಗಾಡಿಗೆ ಸಿಕ್ಕದ್ದು, ಅಂಥಾವನ್ನಷ್ಟ ತರತೀನಿ ಅಂದ. ನೀನೊಂದು ನಿಟ್ಟುಸಿರು ಬಿಟ್ಟೆ. ನನ್ನ ಪಗಾರ ಹೆಚ್ಚಾದ ದಿನ ಬಿಟ್ಟಿದ್ದೆಯಲ್ಲ, ಅದಕ್ಕಿಂತ ಉದ್ದದ್ದು. ಆತನಿಗಿನ್ನೂ ಲಗ್ನವಾಗಿಲ್ಲ ಎಂಬುದನ್ನೂ ನಾನು ಅದೇ ಉಸಿರಿನಲ್ಲಿ ನೆನಪಿಸಿಕೊಂಡೆ.

ಇವುಗಳ ಹೊಟ್ಟಿಯಾಗ ಏನ ಐತಿ ಅಂತ ಪದ್ಮಾ ಕೇಳಿದಳು. ಹೊಟ್ಟು, ಹುಲ್ಲು, ಹತ್ತಿ ಅಂತ ಪಾರಿಸಪ್ಪ ಹೇಳಿದ. ಅವುಗಳ ಹೊಟ್ಟೆಯಲ್ಲಿ ಹೊಟ್ಟು, ನನ್ನ ಹೊಟ್ಟೆಯಲ್ಲಿ ಕಿಚ್ಚು. ಎರಡೂ ಹತ್ತಿರ ಬಂದರೆ ಕಟ್ಟಡ ಉಳಿಯುವುದಿಲ್ಲವೆಂದು ನಾನು ಸ್ವಲ್ಪ ದೂರವೇ ನಿಂತೆ.

ಹಾಗೆ ದೂರ ನಿಂತದ್ದರಿಂದಲೇ ನನಗೆ ಒಂದು ಸಂಗತಿ ಕಂಡಿತು. ನೀನು ಅವನ ಹೆಸರು ಹೇಳುತ್ತಿರಲಿಲ್ಲ. ಇಲ್ಲಿ ನೋಡ್ರಿ, ಅನ್ನುತ್ತಿದ್ದೆ. ಇವರು ಹೇಳಾಕತ್ತಾರ ಕೇಳ ಪದ್ಮಾ, ಅನ್ನುತ್ತಿದ್ದೆ. ನನ್ನನ್ನು ಕರೆಯುವುದೂ ಹಾಗೇ ಅಲ್ಲವೇ?

ಗೂಗಿಯ ಹತ್ತಿರ ಬಂದಾಗ ಅವನೂ ಇದನ್ನೇ ಎತ್ತಿದ. ಏನವಾ ಶಾಂತಾ, ನನ್ನ ಹೆಸರ ಮರತಿಯೇನ? ಸಣ್ಣಾಕಿದ್ದಾಗ ಪಾರ್ಯಾ, ಪಾರ್ಯಾ ಅಂತ ಓಣಿ ತುಂಬ ಒದರಕೋತ ಓಡ್ಯಾಡತಿದ್ದಿ, ಅಂತ ನಕ್ಕ. ನೀನು ಸೆರಗು ಬಾಯಿಗೆ ಒತ್ತಿಕೊಂಡೆ. ಮುಖ ಕೆಂಪಾಯಿತು. ತಿರುಗಿ ನನ್ನ ಕಡೆ ನೋಡಿದೆ. ಕಳ್ಳರು ಪೊಲೀಸನ ಕಡೆ ನೋಡುವುದು ಹಾಗೆಯೇ ಎಂದು ನನಗನಿಸಿತು. ನಾನು ಮುಖ ತಿರುಗಿಸಿದೆ. ತಿರುಗಿಸಿದಲ್ಲಿ ಟೊಂಗೆಯ ಮೇಲೆ ಗೂಗಿ. ಎರಡೂ ಕಣ್ಣು ಅರಳಿಸಿ, ಏನಪಾ, ನೀ ಒಬ್ಬನ ಯಾಕ ಹಿಂದ ನಿಂತಿ ಅನ್ನುವ ಹಾಗೆ ನೋಡುತ್ತಿತ್ತು. ಒಂದು ಕಣ್ಣು ಸಡಿಲಾಗಿತ್ತು. ಒತ್ತಿ ಕೂರಿಸಲು ಹೋದ ಕೈ ಕೀಳುವ ಕೆಲಸ ಮಾಡಿತು.

ಅಪ್ಪಾ ಗೂಗಿ ಕಣ್ಣ ಕಿತ್ತ ಕಿಸೇದಾಗ ಹಾಕ್ಕೊಂಡಾ! ಅಂತ ಪದ್ಮಾ ಜಾಹೀರು ಮಾಡಿದಳು. ಪಾಳಿಯ ಮಂದಿಯೆಲ್ಲ ನಕ್ಕರು. ನೀನೂ ನಕ್ಕೆ. ಪಾರಿಸಪ್ಪ ಮಾತ್ರ ದೊಡ್ಡಮನಸ್ಸಿನಿಂದ, ಇರಲಿ ಬಿಡ್ರಿ ಸರ್ರ, ಬೇಕಾದ್ರ ಇನ್ನೊಂದೂ ತಗೋರಿ, ನನ್ನ ಹಂತ್ಯಾಕ ಡಬ್ಬಿ ತುಂಬ ಅದಾವ ಅಂದ. ಬೈದಿದ್ದರೆ ಸಹಿಸುತ್ತಿದ್ದೆ ಶಾಂತಾ. ಆ ಔದಾರ್ಯ ಇದೆಯಲ್ಲ, ಅದಕ್ಕೆ ಮದ್ದಿಲ್ಲ.

ಆಗ ನಾನು ಅಂದದ್ದು ನಿನಗೆ ನೆನಪಿದೆ, ನನಗೂ ಇದೆ. ಗಂಡನ ಹೆಸರ ಹೇಳೂದಿಲ್ಲ ಅನ್ನೂದು ರೂಢಿ, ಇವನ ಹೆಸರೂ ನಿನ್ನ ಬಾಯಾಗ ಬರವಲ್ದು ಅಂದ್ರ ಇವ ನಿನಗ ಏನ ಆಗಬೇಕ, ಅಂದೆ. ಮೊಸಳೆಯ ಬಾಯಿ ಮೊದಲೇ ತೆರೆದಿತ್ತು, ಉಳಿದವರದು ಆಗ ತೆರೆಯಿತು. ಸಂಗ್ರಹಾಲಯ ಸಂಗ್ರಾಮಾಲಯವಾಯಿತು. ನೀನು ಮಾತ್ರ ದನಿ ಏರಿಸದೆ, ನಿಮ್ಮ ಮನೀ ಮರ್ಯಾದಿ ಹೊತ್ತಾಕಿ ನಾನು, ಬೀದ್ಯಾಗ ಇಳಿಸಿದವರು ನೀವು ಅಂದು, ಪದ್ಮಾಳ ಕೈ ಹಿಡಿದು ಹೋಗಿ ಬನಹಟ್ಟಿ ಬಸ್ಸು ಹತ್ತಿದೆ. ನನ್ನ ಕೈಯಲ್ಲಿ ಬುತ್ತಿಯ ಖಾಲಿ ಡಬ್ಬಿ ಉಳಿಯಿತು. ಹೋಳಿಗೆ ತಿಂದು ಅದನ್ನು ಖಾಲಿ ಮಾಡಿದ ಪಾರಿಸಪ್ಪ ನನ್ನ ಹತ್ತಿರ ಬಂದು, ಅಕೀ ಎಂದೂ ಸುಳ್ಳ ಆಡಿದಾಕಿ ಅಲ್ರಿ ಸರ್ರ, ಅಕೀ ಹಿಂದ ಹೋಗ್ರಿ ಅಂದ. ನಾನು ಗೂಗಿಯ ಕಣ್ಣನ್ನು ಅವನ ಅಂಗೈಯಲ್ಲಿಟ್ಟು ಮುಧೋಳದ ಬಸ್ಸು ಹಿಡಿದೆ. ಮನೆ ಮುಟ್ಟುವಷ್ಟರಲ್ಲಿ ಹೊತ್ತು ಮುಳುಗಿತ್ತು. ನಮ್ಮಲ್ಲಿ ಹೊತ್ತು ಮುಳುಗಿದ ಮೇಲೆ ಊಟವಿಲ್ಲ, ನೀರೂ ಇಲ್ಲ. ಹೊಟ್ಟೆಯ ಕಿಚ್ಚು ಬೆಳತನಕ ಆರದೆ ಉರಿಯಿತು.

ಈಗ ತರ್ಕಕ್ಕೆ ಬರುತ್ತೇನೆ. ಹೆಂಡತಿಯಾದವಳು ಗಂಡನ ಹೆಸರು ಹೇಳುವುದಿಲ್ಲ. ಶಾಂತಾ ಪಾರಿಸಪ್ಪನ ಹೆಸರು ಹೇಳುವುದಿಲ್ಲ. ಆದ್ದರಿಂದ — ಮುಂದಿನದನ್ನು ಬರೆಯಲು ಕೈ ಏಳುವುದಿಲ್ಲ. ಸಾಕ್ಷಿ ಬೇಕೇ? ಓಣಿ ತುಂಬ ಒದರುತ್ತಿದ್ದವಳು ಎಂದಿನಿಂದ ನಿಲ್ಲಿಸಿದೆ? ನಿನ್ನ ಅಣ್ಣ ಒಮ್ಮೆ ಮಾತಿಗೆ ಹೇಳಿದ್ದ: ನಮ್ಮ ಲಗ್ನವಾದ ದಿನದಿಂದ. ಅಕ್ಷತೆ ಬಿದ್ದ ದಿನವೇ ನೀನು ಆ ಹೆಸರನ್ನು ಒಳಗಿಟ್ಟು ಬೀಗ ಹಾಕಿಕೊಂಡೆ. ನನ್ನ ಅವ್ವನನ್ನೂ ನಿನ್ನ ಪಕ್ಷಕ್ಕೆ ಎಳೆದುಕೊಂಡಿದ್ದೀಯೆ. ಅವಳಿಗೂ ಆತ ಬರೀ ‘ಕಪ್ಪಿ ಮಾಸ್ತರ’. ನಾನು ಎಲ್ಲವನ್ನೂ ಬಿಡಿಸಿ ಹೇಳಿದರೆ, ನೀ ಕಲತದ್ದ ಜಾಸ್ತಿ ಆತು, ಸುಮ್ಮನ ಹೋಗಿ ಕರಕೊಂಡ ಬಾ ಅನ್ನುತ್ತಾಳೆ.

ನಾನು ಬರುವುದಿಲ್ಲ. ನನ್ನ ತರ್ಕದಲ್ಲಿ ಬಿರುಕು ತೋರಿಸಿದ ವಿದ್ಯಾರ್ಥಿ ಇನ್ನೂ ಹುಟ್ಟಿಲ್ಲ. ಹೆಸರುಗಳ ವಿಷಯದಲ್ಲಂತೂ ನನ್ನ ನೆನಪು ಕಲ್ಲಿನ ಶಾಸನ. ಎಂದೋ ನಪಾಸಾಗಿ ಹೋದ ಹುಡುಗರ ಅಪ್ಪಂದಿರ ಹೆಸರನ್ನೂ ಈಗ ಕೇಳಿದರೆ ಹೇಳಿಯೇನು. ಆದ್ದರಿಂದ ನನ್ನದು ಒಂದೇ ಕರಾರು. ನೀನು ಮನೆಗೆ ಬಂದು, ಅವ್ವನ ಮುಂದೆ ನಿಂತು, ‘ಪಾರಿಸಪ್ಪ’ ಎಂದು ಒಮ್ಮೆ ಬಾಯಿಬಿಟ್ಟು ಹೇಳು. ಅಲ್ಲಿಗೆ ಎಲ್ಲ ಮುಗಿಯಿತು. ಹೇಳಲಾರೆಯಾದರೆ ಬನಹಟ್ಟಿಯಲ್ಲೇ ಇರು. ನಾನು ಹೇಗೋ ಇರುತ್ತೇನೆ.

(ಬೇಗ ಹೇಳಿ ಮುಗಿಸಿಬಿಡು. ಪದ್ಮಾ ಬರೆಯುವ ಪಾಟಿ ಇನ್ನೂ ಹೊಸ್ತಿಲ ಹತ್ತಿರವೇ ಬಿದ್ದಿದೆ. ಎತ್ತಿಡಲು ಮನಸ್ಸಾಗುತ್ತಿಲ್ಲ, ದಾಟಿ ಹೋಗಲೂ ಆಗುತ್ತಿಲ್ಲ.)

ಈ ಪತ್ರವನ್ನು ಮಾವನವರಿಗೂ ತೋರಿಸಬಹುದು. ಅದಕ್ಕೆಂದೇ ಕಾಲೇಜಿನ ಮೊಟಕು ಸಹಿ ಬಿಟ್ಟು ಪೂರ್ತಿ ಸಹಿ ಹಾಕುತ್ತಿದ್ದೇನೆ.

ಇತಿ, ತರ್ಕಬದ್ಧನಾದ ನಿನ್ನ ಗಂಡ,
ಆದಪ್ಪ ಪಾರಿಸಪ್ಪ ಹನಗಂಡಿ

ತಾ.ಕ.: ಸಹಿ ಹಾಕಿ, ಗತ್ತು ಸರಿಯಾಗಿದೆಯೇ ನೋಡಲು ಕೊನೆಯ ಭಾಗವನ್ನು ಗಟ್ಟಿಯಾಗಿ ಓದಿದೆ. ಜೋಳ ಹಸನು ಮಾಡುತ್ತ ಕೂತಿದ್ದ ಅವ್ವ, ನಾನು ಸಹಿ ಓದುತ್ತಲೇ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಯಾಕಬೇ, ಏನಾತು ಅಂದೆ. ಅವ್ವ ಮೊರದಿಂದ ಕಣ್ಣೆತ್ತದೆ, ನಿನ್ನ ಸಹಿ ನಡುವ ಕುಂತಾರಲ್ಲ, ಅವರ ಸಲುವಾಗಿ ಅಂದಳು. ಗಂಡನ ಹೆಸರಂತ ನಾ ಎಂದೂ ತಗೊಳ್ಳದ ಹೆಸರನ್ನ, ಮಾವನ ಹೆಸರಂತ ಅಕೀನೂ ತಗೊಂಡಿಲ್ಲ. ನನ್ನ ಮುಂದ ನಿಂತು ಹೇಳಂತೀಯೇನಲೇ ಮೂಳಾ, ಅಂದಳು.

ಪಾರಿಸಪ್ಪ ಅಂದರೆ ನನ್ನ ಅಪ್ಪನ ಹೆಸರು, ಶಾಂತಾ. ನನ್ನ ಸ್ವಂತ ಅಪ್ಪನ ಹೆಸರು. ನಾನು ತೊಟ್ಟಿಲಲ್ಲಿದ್ದಾಗಲೇ ಹೋದವರು. ಓಣಿಯವರಿಗೆ ‘ಅಂಗಡಿ ಕಾಕಾ’, ಕಾಲೇಜಿನ ಬೋರ್ಡಿನ ಮೇಲೆ ನನ್ನ ಎ. ಪಿ. ಹನಗಂಡಿಯೊಳಗಿನ ಒಂದು ‘ಪಿ’. ಮನೆಯಲ್ಲಿ ಆ ಹೆಸರು ಕಿವಿಗೆ ಬಿದ್ದದ್ದೇ ಇಲ್ಲ, ಏಕೆಂದರೆ ಮನೆಯಲ್ಲಿದ್ದ ಹೆಂಗಸರಿಬ್ಬರೂ ಅದನ್ನು ಕಾಯುತ್ತಿದ್ದಿರಿ. ಗೂಗಿಯ ಮುಂದೆ ನೀನು ನನ್ನ ಕಡೆ ನೋಡಿದ್ದು, ನೀವಽ ಇವರಿಗೆ ತಿಳಿಸಿ ಹೇಳ್ರಿ ಅಂತ. ಕಣ್ಣಾರೆ ನೋಡದ ಮಾವನಿಗೆ ನೀನು ಕೊಟ್ಟ ಮರ್ಯಾದೆಯನ್ನು ಅವರ ಮಗನಾದ ನಾನು ಪಾಳಿಯ ಮಂದಿಯ ಮುಂದೆ ಹರಾಜು ಹಾಕಿದೆ. ಎಲ್ಲ ಹುಲಿಗೂ ನಾಲ್ಕು ಕಾಲು, ನಮ್ಮ ಮೇಜಿಗೂ ನಾಲ್ಕು ಕಾಲು, ಆದ್ದರಿಂದ ನಮ್ಮ ಮೇಜು ಹುಲಿ ಎಂದು ಬರೆದ ಹುಡುಗರಿಗೆ ನಾನು ಸೊನ್ನೆ ಕೊಡುತ್ತ ಬಂದಿದ್ದೇನೆ. ಈ ಸಲದ ಸೊನ್ನೆ ನನಗೇ.

ಪತ್ರ ಹರಿಯಲು ಹೋದೆ. ಅವ್ವ ಬಿಡಲಿಲ್ಲ. ಹಂಗಽ ಕೊಡು, ಓದಿ ಅಕೀ ನಗಲಿ, ನಕ್ಕಾಕಿ ಬರತಾಳ ಅಂದಳು. ಟಪಾಲಿಗೆ ಹಾಕಿದರೆ ತಡವಾದೀತು. ನಾಳೆ ಮೊದಲ ಬಸ್ಸಿಗೆ ನಾನೇ ತಂದು ನಿಮ್ಮ ಬಾಗಿಲ ಸಂದಿನಿಂದ ಒಳಗೆ ಸರಿಸಿ, ಹೊರಗೆ ಕಟ್ಟೆಯ ಮೇಲೆ ಕೂತಿರುತ್ತೇನೆ. ಓದಿ ಮುಗಿದ ಮೇಲೆ ಒಳಗೆ ಕರಿ. ನನ್ನ ಹೆಸರು ಹಿಡಿದು ಕೂಗುವಂತಿಲ್ಲ, ಗೊತ್ತು. ಬಳೆ ಸಪ್ಪಳ ಮಾಡಿದರೂ ಸಾಕು. ನಿಮ್ಮ ಓಣಿಯ ಮಗ್ಗಗಳ ಗದ್ದಲದಲ್ಲಿ ಅದು ಎಲ್ಲಿ ಕೇಳದೆ ಹೋದೀತೋ ಎಂದು, ಬಾಗಿಲಿಗೇ ಕಿವಿ ಹಚ್ಚಿಕೊಂಡಿರುತ್ತೇನೆ.